ಕಾಶವ್ವನ ಸೀರೆಗಳ ಕೌದಿ

ಬೆಟಗೇರಿಯ ಒಂದು ಓಣಿಯಲ್ಲಿ ಅಡಿವೆಪ್ಪನವರದು ಸಣ್ಣ ಹಿಟ್ಟಿನ ಗಿರಣಿ...

ಹೆಂಡತಿ ಕಾಶವ್ವ ತೀರಿಕೊಂಡು ವರ್ಷಗಳೇ ಆಗಿದ್ದವು. ಆಕೆಯ ಸೀರೆಗಳು ಮಾತ್ರ ಟ್ರಂಕಿನಲ್ಲಿ ಮಡಿಕೆ ಕೆಡದೆ ಹಾಗೇ ಇದ್ದವು.

ಅಡಿವೆಪ್ಪ ಆಗಾಗ ಅವನ್ನು ಬಿಸಿಲಿಗೆ ಹರವಿ, ತಾವೇ ಮಡಚಿ, ಬೀಗ ಹಾಕುತ್ತಿದ್ದರು. ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಒಬ್ಬಳೇ ಮಗಳು ಶಿವಲೀಲಾ. ಮದುವೆಯಾಗಿ ಈಗ ಬಸುರಿ. ಕುಬಸಕ್ಕೆ, ಅಂದರೆ ಸೀಮಂತಕ್ಕೆ, ತವರಿಗೆ ಬಾ ಎಂದು ಅಪ್ಪ ಫೋನ್ ಮಾಡಿದರೆ...

"ಕುಬಸಾ ಬ್ಯಾಡಪ್ಪಾ," ಅಂದಳು.

"ಯಾಕವ್ವಾ? ಉಡಿ ತುಂಬಾಕ ನಿಮ್ಮ ಸೋದರತ್ತಿ ಬರತಾಳ."

"ಉಡಿ ಯಾರರ ತುಂಬತಾರ... ತೊಟ್ಟಲಕ್ಕ ಕೌದಿ ಯಾರ್ ಹೊಲಿತಾರ?"

ಆ ಕಡೆಯ ಪದ್ಧತಿಯಂತೆ, ಹುಟ್ಟುವ ಕೂಸಿಗೆ ತವರಿನ ಅಜ್ಜಿಯೇ ತನ್ನ ಹಳೆಯ ಸೀರೆಗಳಿಂದ ಹೊದೆಯುವ ಕೌದಿ ಹೊಲಿಯಬೇಕು. ಇಲ್ಲಿ ಆ ಅಜ್ಜಿಯೇ ಇರಲಿಲ್ಲ.

ಮರುದಿನ ಅಡಿವೆಪ್ಪ ಟ್ರಂಕು ತೆರೆದರು. ಸೀರೆಗಳನ್ನು ಚೀಲಕ್ಕೆ ತುಂಬಿಕೊಂಡು, ಕೌದಿ ಹೊಲಿಯುವ ಇಂದುಮತಿಯವರ ಮನೆಗೆ ಹೋದರು.

ಇಂದುಮತಿ ಒಂದು ಸೀರೆ ಬಿಚ್ಚಿ ಕತ್ತರಿ ಎತ್ತಿದರು ನೋಡಿ...

"ತಡೀರಿ ಅಕ್ಕಾರ!"

ಅಡಿವೆಪ್ಪ ಸೀರೆಯನ್ನು ಎದೆಗೆ ಅವಚಿಕೊಂಡರು. ಚೀಲ ಕಟ್ಟಿಕೊಂಡು ಮನೆಗೆ ಹೋಗಿಬಿಟ್ಟರು.

ಕೆಲವು ದಿನ ಬಿಟ್ಟು ಮತ್ತೆ ಬಂದರು. ಮತ್ತೆ ಕತ್ತರಿ ಕಂಡಿತು, ಮತ್ತೆ ಅವರ ಕೈ ಅಡ್ಡ ಬಂತು.

"ಹಚ್ಚಬ್ಯಾಡ್ರಿ ಅಕ್ಕಾರ... ಆಕಿ ಮೈಗೇ ಕತ್ತರಿ ಹಚ್ಚಿಧಾಂಗ ಆಕ್ಕೈತಿ."

ಇಂದುಮತಿ ಕತ್ತರಿಯನ್ನು ಪಕ್ಕಕ್ಕಿಟ್ಟು ಎದ್ದರು.

"ಕತ್ತರಿ ಬ್ಯಾಡ ಅಣ್ಣಾರ. ಇಲ್ಲಿ ಬರ್ರಿ."

ಕಿಟಕಿಯ ಹತ್ತಿರ ಟೇಬಲ್ ಮೇಲೆ ಒಂದು ಮಷೀನ್ ಇತ್ತು. ಒಂದರ ಮೇಲೊಂದು ಎರಡು ರೋಲರ್, ಬದಿಗೆ ತಿರುವುವ ಹಿಡಿ.

"ಕಬ್ಬಿನ ಹಾಲಿನ ಗಾಣ ಇದ್ಧಾಂಗ ಐತೆಲ್ರೀ!" ಅಂದರು ಅಡಿವೆಪ್ಪ.

ಇಂದುಮತಿ ನಕ್ಕರು. ಒಂದು ಹಲಗೆ ತಂದಿಟ್ಟರು. ಅದರ ಮೇಲೆ ಮೆತ್ತನೆಯ ಸ್ಪಂಜು, ಸ್ಪಂಜಿನೊಳಗೆ ಕಣ್ಣಿಗೆ ಬೀಳದಂತೆ ಸಾಲಾಗಿ ಬ್ಲೇಡುಗಳು.

"ಇದರ ಮ್ಯಾಲೆ ಸೀರಿ ಹಾಸೂದು, ಮ್ಯಾಲೊಂದು ಪ್ಲಾಸ್ಟಿಕ್ ಹಾಳಿ ಮುಚ್ಚೂದು, ರೋಲರ್ ನಡುವ ದಾಟಿಸೂದು. ಪಟ್ಟಿ ತಾವ ಬೀಳತಾವು. ಲಾಗ್ ಕ್ಯಾಬಿನ್, ಅಂದ್ರ ಮರದ ದಿಮ್ಮಿ ಮನಿ, ಅಂತ ಒಂದು ಡಿಸೈನ್ ಐತಿ ಅಣ್ಣಾರ... ನಡುವ ಒಂದು ಕೆಂಪು ಚೌಕ, ಅದು ಮನಿ ಒಲಿ. ಅದರ ಸುತ್ತ ಪಟ್ಟಿಗೊಂದು ಪಟ್ಟಿ ಹಚ್ಚಿ ಗ್ವಾಡಿ ಏರಿಸಿಕೋತ ಹೋಗೂದು. ಒಂದು ಮಗ್ಗಲಕ್ಕ ತಿಳಿ ಬಣ್ಣ, ಒಂದು ಮಗ್ಗಲಕ್ಕ ದಟ್ಟ ಬಣ್ಣ."

ಹಳದಿ ಸೀರೆಯನ್ನು ಹಾಸಿ, ಮುಚ್ಚಿ, ಹಿಡಿಯತ್ತ ಕೈ ತೋರಿಸಿದರು.

"ನೀವ ತಿರುವ್ರಿ."

ಅಡಿವೆಪ್ಪ ಕಣ್ಣು ಮುಚ್ಚಿ ಹಿಡಿ ತಿರುವಿದರು... ಒಣ ಎಲೆ ತುಳಿದಂಥ ಸಣ್ಣ ಸದ್ದು.

ಕಣ್ಣು ಬಿಟ್ಟರೆ, ಆಚೆ ಬದಿಯಲ್ಲಿ ಹಳದಿ ಪಟ್ಟಿಗಳು ಹೂವಿನ ಎಸಳಿನಂತೆ ಬಿಡಿಬಿಡಿಯಾಗಿ ಮಲಗಿದ್ದವು. ನೋವು ಎಲ್ಲಿಯೂ ಕಾಣಲಿಲ್ಲ.

ಆ ಹಳದಿಯೊಳಗಿಂದಲೇ ಕಾಶವ್ವ ಬುತ್ತಿ ಹಿಡಿದುಕೊಂಡು ಗಿರಣಿಯ ಬಾಗಿಲಿಗೆ ಬಂದಳು... ಹುಬ್ಬಿನ ಮೇಲೆ ಹಿಟ್ಟಿನ ಧೂಳು.

ಕಡುನೀಲಿ ಇಳಕಲ್ ಸೀರೆ ದಾಟಿತು... ತಲೆಗೂದಲು ಒಣಗಿಸುತ್ತ ಮಾಳಿಗೆಯ ಮೇಲೆ ನಿಂತಿದ್ದಳು.

ಹಸಿರು ಸೀರೆ ದಾಟಿತು... ಅದರ ಸೆರಗಿನಲ್ಲಿ ಪುಟ್ಟ ಶಿವಲೀಲಾ ಬೆರಳು ಚೀಪುತ್ತ ನಿದ್ದೆ ಹೋಗಿದ್ದಳು.

ಕಿಟಕಿಯ ಬಿಸಿಲು ಗೋಡೆಯಿಂದ ನೆಲಕ್ಕಿಳಿದು ಎಲ್ಲಿಗೋ ಹೋಯಿತು. ಅಡಿವೆಪ್ಪನವರಿಗೆ ಅದರ ಅರಿವೇ ಇರಲಿಲ್ಲ.

"ಅಕ್ಕಾರ... ಹೊಲಿಗಿನೂ ನಾನ ಹಾಕಲೇನ್ರಿ?"

"ಸೂಜಿಗೆ ಗಂಡಸು ಹೆಂಗಸು ಅಂತ ಗೊತ್ತಾಗೂದಿಲ್ಲ. ಕುಂದ್ರಿ."

ಅಂದಿನಿಂದ ಮಧ್ಯಾಹ್ನ ಗಿರಣಿ ಬಂದ್ ಮಾಡಿ ಬರತೊಡಗಿದರು. ಇಂದುಮತಿ ಪಟ್ಟಿ ಕೊಡುತ್ತಿದ್ದರು, ಅಡಿವೆಪ್ಪ ಹೊಲಿಯುತ್ತಿದ್ದರು. ಕೆಂಪು ಒಲೆಯ ಸುತ್ತ ಒಂದೊಂದೇ ಗೋಡೆ ಎದ್ದಿತು.

ಕೊನೆಯ ಹೊಲಿಗೆ ಹಾಕಿದ ದಿನ ಮಗಳಿಗೆ ಫೋನ್ ಮಾಡಿದರು. "ಕೌದಿ ತಯಾರಾಗೇತಿ... ಬಾರವ್ವಾ."

ಶಿವಲೀಲಾ ಬಂದಳು. ಹಸಿರು ಸೀರೆ, ಕೈತುಂಬ ಹಸಿರು ಬಳೆ. ಸೋದರತ್ತೆ ಉಡಿ ತುಂಬಿದ ಮೇಲೆ ಅಡಿವೆಪ್ಪ ಹಿಂಜರಿಯುತ್ತಲೇ ಕೌದಿಯನ್ನು ಮಗಳ ಮಡಿಲಿಗಿಟ್ಟರು.

ಅವಳು ಬಿಡಿಸಿದಳು. ಬೆರಳುಗಳು ಪಟ್ಟಿಯಿಂದ ಪಟ್ಟಿಗೆ ಹರಿದವು... ಹಳದಿ, ನೀಲಿ, ಹಸಿರು...

"ಇವು ಅವ್ವನ ಸೀರಿ... ಯಾರ್ ಹೊಲದ್ರಪ್ಪಾ?"

"ಕತ್ತರಿಸಿದ್ದು ಮಷೀನವ್ವಾ..."

"ಹೊಲಿಗಿ?"

ಅಪ್ಪ ನೆಲ ನೋಡಿದರು. ಅತ್ತೆಯೇ ಹೇಳಿದಳು: "ನಿಮ್ಮಪ್ಪ ಯವ್ವಾ. ಅವ್ವನ ಕೆಲಸ ತಾನ ಮಾಡ್ಯಾನ."

ಶಿವಲೀಲಾ ಕೌದಿಯಲ್ಲಿ ಮುಖ ಹುದುಗಿಸಿದಳು. ಸಣ್ಣ ಹುಡುಗಿಯ ದನಿಯಲ್ಲಿ ಕೇಳಿದಳು...

"ಅಪ್ಪಾ... ಕೂಸು ಬರೂತನಕಾ ಇದನ್ನ ನಾ ಹೊದ್ಕೊಳ್ಳಲಾ?"

ಅಡಿವೆಪ್ಪ ಮಗಳ ಮುಖ ನೋಡಿದರು.

ಇಷ್ಟು ವರ್ಷ ಕಾಶವ್ವನನ್ನು ಜೋಪಾನ ಮಾಡುತ್ತಿದ್ದೇನೆ ಅಂದುಕೊಂಡಿದ್ದರು. ಅವ್ವನ ಸೆರಗಿಗಾಗಿ ಮಗಳೂ ಹಂಬಲಿಸುತ್ತಿದ್ದಳು ಎಂಬುದು ಅವರಿಗೆ ಹೊಳೆದೇ ಇರಲಿಲ್ಲ...

ಮೊಮ್ಮಗುವಿಗೆಂದು ಹೊಲಿದ ಆ ಪುಟ್ಟ ಕೌದಿಯನ್ನು ಎತ್ತಿ, ಮಗಳ ಹೆಗಲ ತುಂಬ ಹೊದಿಸಿದರು.

"ನಿಂದ ಐತಿ ತಗೋ ನನ್ನವ್ವಾ," ಅಂದರು.

🌼

*ಬೀಗ ಹಾಕಿಟ್ಟ ನೆನಪು ಬಟ್ಟೆಯಾಗಿಯೇ ಉಳಿಯುತ್ತದೆ... ಹೊದಿಸಿದ ನೆನಪು ಬೆಚ್ಚಗಾಗುತ್ತದೆ.*

ನೀವು ಜೋಪಾನವಾಗಿ ಎತ್ತಿಟ್ಟಿರುವುದಕ್ಕಾಗಿ ನಿಮ್ಮ ಮನೆಯಲ್ಲೇ ಯಾರಾದರೂ ಸುಮ್ಮನೆ ಕಾಯುತ್ತಿದ್ದಾರೆಯೇ?