ಮೂರು ಬಿಳಿ ಚುಕ್ಕೆ

ಆ ಹೆಂಗಸು ಚೆನ್ನಾಗಿದ್ದ ಬಟ್ಟಲುಗಳನ್ನೆಲ್ಲ ಒಂದೊಂದಾಗಿ ತಲೆಕೆಳಗು ಮಾಡಿ, ಬುಡ ನೋಡಿ, ಹಿಂದಿಟ್ಟಳು. ಸಿಂಧು ಅವಳ ಮೇಲೊಂದು ಕಣ್ಣಿಟ್ಟಿದ್ದಳು. ಅಮೆರಿಕದ ವಾಲ್ನಟ್ ಕ್ರೀಕ್‌ನ ಈ ಕುಂಬಾರಿಕೆ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿ ಅವಳಿಗೆ ಒಂದೇ ತಿಂಗಳು. ಮಾರಾಟದ ಮೇಜಿನಲ್ಲಿ ಏನೇ ಒಡೆದರೂ ಅವಳೇ ಹೊಣೆ.

ಎಲ್ಲವೂ ಚೀನೀ ಕೆಂಪು ಮೆರುಗಿನ ಬಟ್ಟಲುಗಳು. ಗಾಜಿನಂತೆ ಹೊಳೆಯುವ ಆ ಲೇಪದಲ್ಲಿ ತಾಮ್ರ, ಸುಡುವ ಆವಿಗೆಯಲ್ಲಿ ಬೆಂಕಿಗೆ ಉಸಿರುಗಟ್ಟುವಷ್ಟು ಕಡಿಮೆ ಗಾಳಿ. ತುಸು ಹೆಚ್ಚು ಗಾಳಿ ನುಗ್ಗಿದರೂ ಕೆಂಪು ಹಸಿರಾಗುತ್ತದೆ. ಹತ್ತು ಸುಟ್ಟರೆ ಎರಡು ಕೆಂಪಾದರೆ ಪುಣ್ಯ.

ಕೊನೆಗೆ ಹೆಂಗಸು ಎತ್ತಿಕೊಂಡದ್ದು, ಹಳೆಯ ವಿದ್ಯಾರ್ಥಿಗಳು ಬಿಟ್ಟುಹೋದ ಪೆಟ್ಟಿಗೆಯೊಳಗಿನ ಬಟ್ಟಲು. ದಟ್ಟ ಕೆಂಪು. ಬುಡದಲ್ಲಿ ಮಾತ್ರ ಮೂರು ಬಿಳಿ ಚುಕ್ಕೆ.

“ಸಿಂಧು,” ಎಂದು ಅವಳ ಎದೆಯ ಮೇಲಿನ ಹೆಸರುಪಟ್ಟಿ ಓದಿದಳು. “ಕನ್ನಡದೋರಾ?”

“ಮಂಡ್ಯ, ಆಂಟಿ. ಅದು ಡ್ಯಾಮೇಜ್ ಪೀಸು. ಮೆರುಗಲ್ಲಿ ಅದ್ದುವಾಗ ಹಿಡ್ಕೊಂಡ ಬೆರಳಿನ ಗುರುತು. ಆಮೇಲೆ ಬ್ರಶ್ಶಲ್ಲಿ ಮುಚ್ಬೇಕು. ಮಾಡಿದೋರಿಗೆ ಅವಸರ ಇತ್ತೇನೋ.”

“ಹೌದಮ್ಮ. ಬಹಳ ಅವಸರ.” ಹೆಂಗಸು ತನ್ನ ಮೂರು ಬೆರಳನ್ನು ಚುಕ್ಕೆಗಳ ಮೇಲಿಟ್ಟಳು. ಅವು ಮುಚ್ಚಿಹೋದವು.

“ಒಳ್ಳೇವು ಇಷ್ಟೊಂದಿವೆಯಲ್ಲ, ಆಂಟಿ.”

“ನಂಗೆ ಇದೇ ಸಾಕು. ಶನಿವಾರ ಯಜಮಾನ್ರನ್ನ ಕರ್ಕೊಂಡು ಬರ್ತೀನಿ. ಜೋಪಾನ.” ಬಟ್ಟಲು ತೆಗೆದಿಡುವ ಚೀಟಿಯಲ್ಲಿ ಖುರ್ಷಿದಾ ಎಂದು ತನ್ನ ಹೆಸರು ಬರೆದಳು.

‘ಸಾಕು’ ಎಂಬ ಮಾತು ಸಿಂಧುವಿಗೆ ಚುಚ್ಚಿತು. ಹೆಂಗಸಿನದು ಮಾಸಿದ ದುಪಟ್ಟಾ, ಸವೆದ ಚಪ್ಪಲಿ. ಒಳ್ಳೆಯದನ್ನು ಕೊಳ್ಳಲಾಗದೆ ಕುಂದಿರುವುದನ್ನು ಆರಿಸಿಕೊಂಡಳೇ?

ಗುರುವಾರ ಸಿಂಧು ಚುಕ್ಕೆಗಳಿಗೆ ಮೆರುಗು ಬಳಿದು, ಬಟ್ಟಲನ್ನು ಮತ್ತೆ ಆವಿಗೆಯಲ್ಲಿಟ್ಟಳು. ಹಸಿರಾದರೆ ಏನು ಹೇಳುವುದು? ಗಾಳಿಯ ಕಂಡಿಯ ಮುಂದಿನಿಂದ ಅವಳು ಕದಲಲಿಲ್ಲ. ತೆರೆದಾಗ ಬುಡದವರೆಗೂ ಒಂದೇ ಕೆಂಪು. ಅವಳ ಕೈಯಲ್ಲಿ ಗೆದ್ದ ಮೊದಲ ಕೆಂಪು.

ಶನಿವಾರ ಇಬ್ಬರೂ ಬಂದರು. ಖುರ್ಷಿದಾಳ ಗಂಡ ಕಮರುದ್ದೀನ್ ಹಬ್ಬಕ್ಕೆ ಹೊರಟವರಂತೆ ಇಸ್ತ್ರಿಯ ಅಂಗಿ ತೊಟ್ಟಿದ್ದರು. ಬಟ್ಟಲು ತೆಗೆದುಕೊಳ್ಳುವ ಮೊದಲು ಅಂಗೈಗಳನ್ನು ಅಂಗಿಗೆ ಒರೆಸಿಕೊಂಡರು.

“ಎಲ್ಲಿ?” ಎಂದು ಹೆಂಡತಿಯನ್ನು ಕೇಳಿದರು. ಬುಡದ ಸುತ್ತ ಅವರ ಬೆರಳು ಒಂದು ಸುತ್ತು ಹೋಯಿತು. ಇನ್ನೊಂದು ಸುತ್ತು.

“ನಾನೇ ಸರಿಮಾಡ್ದೆ ಅಂಕಲ್,” ಸಿಂಧು ನಕ್ಕಳು. “ಒಂದು ಗುರುತೂ ಉಳಿದಿಲ್ಲ.”

ಖುರ್ಷಿದಾ ಗಂಡನ ಕೈಯಲ್ಲಿದ್ದ ಬಟ್ಟಲನ್ನು ಬೆಳಕಿನತ್ತ ತಿರುಗಿಸಿದಳು. “ಒಳ್ಳೇ ಮನಸ್ಸಮ್ಮ ನಿಂದು,” ಎಂದಳು. ಆಮೇಲೆ ಗಂಡನ ಬೆರಳುಗಳನ್ನು ನುಣ್ಣನೆಯ ಬುಡದಿಂದ ಮೆಲ್ಲಗೆ ಬಿಡಿಸಿದಳು.

“ಇಲ್ಲೇ ಇತ್ತು ರೀ, ನಮ್ಮ ಅಲ್ಫಿಯಾ ಬೆರಳು. ಮಗಳನ್ನ ಮಣ್ಣು ಮಾಡಿದ ಮೇಲೂ, ಆ ಬೆರಳನ್ನ ನಾನು ಮುಟ್ಟಿದ್ದೆ.”