ಕುನ್ಸುಲುವಿನ ಸಹಿ

"ಮುಟ್ಬೇಡಿ ಅಕ್ಕಾ! ಮೊದ್ಲು ಕೈ ಒರೆಸ್ಕೊಳ್ಳಿ. ಇದು ಹಾಡುಗಾರ್ತಿ ಕುನ್ಸುಲು ಕೈಯಾರೆ ಸಹಿ ಹಾಕಿದ ದೊಂಬ್ರಾ."

ಬಗೀಲಾ ಚಾಚಿದ ಕೈ ಹಿಂದಕ್ಕೆಳೆದುಕೊಂಡಳು. ಕೈಯೇನೋ ಸ್ವಚ್ಛವಾಗಿಯೇ ಇತ್ತು. ಆದರೂ ಶಾಲಿಗೆ ಒರೆಸಿಕೊಂಡಳು.

ಅಲ್ಮಾಟಿಯ ಹಳೆ ಸಾಮಾನಿನ ಸಂತೆಯಲ್ಲಿ ರಶಿತ್‌ನ ಅಂಗಡಿಯೆಂದರೆ ಒಂದು ಮೇಜು, ಒಂದು ಕಂಬಳಿ, ಮತ್ತು ಅವನ ನಾಲಿಗೆ. ಮೇಜಿನ ಮೇಲೆ, ಕೆಂಪು ಮಖಮಲ್ಲಿನ ಹಾಸಿನಲ್ಲಿ, ಎರಡು ತಂತಿಯ ಆ ವಾದ್ಯ ಮಲಗಿತ್ತು. ಅದರ ಹಲಗೆಗೆ ಅಡ್ಡಲಾಗಿ ಕಪ್ಪು ಸಹಿ. ಕೆಳಗೆ ಕಂಬಳಿಯ ಮೇಲೆ ಚಹಾ ಕಾಯಿಸುವ ತುಕ್ಕು ಹಿಡಿದ ಸಮೋವರ್, ಜೋಡಿಯಿಲ್ಲದ ಬೂಟು, ತಂತಿ ಹರಿದ ಇನ್ನೊಂದು ದೊಂಬ್ರಾ. ಬಗೀಲಾ ಅತ್ತ ಒಂದು ಸಲ ನೋಡಿದಳು. ಎರಡನೆಯ ಸಲ ನೋಡಲಿಲ್ಲ.

ಮನೆ ಬದಲಿಸಿದ ಮೇಲೆ ಅವಳ ಅತ್ತೆ ಗೋಡೆಗೆ ಮುಖ ಮಾಡಿ ಮಲಗಿ ಒಂದು ಚಳಿಗಾಲವೇ ಕಳೆದಿತ್ತು. ಮಾತಿಲ್ಲ. ಹೊಟ್ಟೆಗೆ ಎರಡು ಚಮಚ ಸಾರು ಇಳಿದರೆ ಹಬ್ಬ. ನೆರೆಮನೆಯವಳು ಈ ಸಂತೆಗೆ ಸಹಿಯಿದ್ದ ದೊಂಬ್ರಾ ಬಂದ ಸುದ್ದಿ ತಂದ ದಿನ ಮಾತ್ರ ಅತ್ತೆ ಇತ್ತ ಹೊರಳಿದ್ದಳು. "ಆ ದೊಂಬ್ರಾ ಸಿಕ್ಕಿದ್ರೆ ತಾ ಮಗಳೇ. ಒಂದ್ಸಲ ಎದೆ ಮೇಲೆ ಇಟ್ಕೋತೀನಿ. ನಕಲಿ ತಂದು ನನ್ನ ಸಮಾಧಾನ ಮಾಡೋಕೆ ಮಾತ್ರ ಬರ್ಬೇಡ."

ಹಾಗೆ ಹೇಳಿ ಮತ್ತೆ ಗೋಡೆಯ ಕಡೆ ತಿರುಗಿದ್ದಳು. ಬರಿಗೈಲಿ ಹೋದರೆ ಇನ್ನು ಇತ್ತ ತಿರುಗುವವಳಲ್ಲ.

"ಆಕೆ ಇದನ್ನ ನುಡಿಸಿದ್ದು ಯಾವ ಕಛೇರೀಲಿ?" ಬಗೀಲಾ ಕೇಳಿದಳು.

"ಆಕೆ, ಆಕೆ! ಬಂದಾಗಿಂದ ಅದೇ. ಹೆಸರೇ ಬಾಯಿಗೆ ಬಾರದವ್ರು ಸಹಿ ಏನು ಪರೀಕ್ಷೆ ಮಾಡ್ತೀರಿ?" ರಶಿತ್ ನಕ್ಕ. "ಪಾಪ, ಕುನ್ಸುಲು ಹೋಗ್ಬಿಟ್ಳು. ಸತ್ತವಳ ಸಹಿ ಇನ್ನೆಲ್ಲಿ ಸಿಗುತ್ತೆ ಹೇಳಿ?"

ಬಗೀಲಾ ತನ್ನ ಅಂಗಿಯ ಕೊರಳಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಳು, ಕೆಟ್ಟ ಮಾತು ಕಿವಿಗೆ ಬಿದ್ದವರ ಹಾಗೆ.

ಪಕ್ಕದಲ್ಲಿ ಚಹಾ ಮಾರುತ್ತಿದ್ದ ಇಂಕಾರ್ ಬಟ್ಟಲು ಚಾಚಿದಳು. ಹೊಸ ಸೊಸೆ, ತಲೆವಸ್ತ್ರದ ಮಡಿಕೆ ಇನ್ನೂ ಕೆಟ್ಟಿರಲಿಲ್ಲ. "ಕುಡೀರಿ ಅಕ್ಕಾ. ಹುಳದ ಸಿಹಿ ಹಾಕ್ಲಾ?"

"ಜೇನು ಅನ್ನೇ!" ರಶಿತ್ ಛೇಡಿಸಿದ. "ಇವಳ ಅತ್ತೆ ಹೆಸರಲ್ಲಿ ಜೇನು ಇದೆ. ಅದಕ್ಕೇ ಇವಳ ಬಾಯಲ್ಲಿ ಜೇನೂ ಬರಲ್ಲ."

"ಬರಲ್ಲ, ಏನಿವಾಗ? ಅತ್ತೆ ಹೆಸರು ಹೇಳೋ ಸೊಸೆ ಯಾವ ಊರಲ್ಲಿದಾಳೆ?" ಇಂಕಾರ್ ಸಿಡುಕಿದಳು.

ಅಷ್ಟರಲ್ಲಿ ಕರಗಂಡದ ಸೆರಿಕ್ಬಾಯ್ ಬಂದ. ಹಾಡುಗಾರರ ಸಹಿ ಕೂಡಿಹಾಕುವ ಹುಚ್ಚಿನವನು. ಜೇಬಿನಿಂದ ಭೂತಗನ್ನಡಿ ತೆಗೆದ, ಚೀಲದಿಂದ ಸಹಿಯಿದ್ದ ಒಂದು ಹಳೆಯ ಗ್ರಾಮಫೋನ್ ತಟ್ಟೆಯ ಹೊದಿಕೆ ತೆಗೆದ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ. "ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ!"

ಬಗೀಲಾ ಅವನ ಭುಜದ ಮೇಲಿಂದ ಇಣುಕಿದಳು. ನಿಜ, ವ್ಯತ್ಯಾಸವಿರಲಿಲ್ಲ. ಹೊದಿಕೆಯ ಮೇಲೆ ಲೇಖನಿ ಎಡವಿದ್ದ ಕಡೆಯೇ ಮರದ ಮೇಲೂ ಎಡವಿತ್ತು. ಯಾರ ಕೈ ತಾನೇ ಎರಡು ಸಲ ಒಂದೇ ಕಡೆ ಎಡವುತ್ತದೆ? ಹಲಗೆಯ ಬಿರುಕಿನೊಳಕ್ಕೂ ಶಾಯಿ ಇಳಿದಿತ್ತು. ಬಿರುಕು ಮೊದಲು, ಸಹಿ ಆಮೇಲೆ.

ಅವಳು ಪಕ್ಕಕ್ಕೆ ಸರಿದು ಚಹಾ ಹೀರಿದಳು. ಅವನ ಹುಚ್ಚು, ಅವನ ಪಾಡು.

"ನಿಮ್ಮ ಕಣ್ಣಿಗೆ ನನ್ನ ಸಲಾಮು!" ರಶಿತ್ ಹಿಗ್ಗಿ ಹೀರೇಕಾಯಿಯಾದ. ಬಗ್ಗಿ ಕಂಬಳಿಯಿಂದ ಹಳೆ ದೊಂಬ್ರಾ ಎತ್ತಿದ. "ತಗೊಳ್ಳಿ ಅಣ್ಣಾ, ಇದೂ ಪುಕ್ಕಟೆ. ಮನೆ ಸಾಗಿಸೋ ಲಾರಿಯವನೊಬ್ಬ ತಲೆಗೆ ಕಟ್ಟಿದ. ಬಿರಡೆ ಕಿತ್ಕೊಂಡು ಮಿಕ್ಕಿದ್ದನ್ನ ಒಲೆಗೆ ಹಾಕಿ."

ಸೆರಿಕ್ಬಾಯ್ ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ಬಗೀಲಾ ಚಹಾದ ಬಟ್ಟಲನ್ನು ಮೇಜಿನ ಮೇಲೆ ಕುಕ್ಕಿದಳು.

"ರಶಿತ್," ಎಂದಳು. ದನಿ ಅವಳೆಣಿಸಿದ್ದಕ್ಕಿಂತ ಜೋರಾಗಿತ್ತು. "ಈ ಸಹಿ ದೊಂಬ್ರಾ ನಿನಗೆ ಮಾರಿದ್ದು ಯಾರು?"

"ಇನ್ಯಾರು, ಅವಳ ಸೊಸೆ! ಇದೇ ಮೇಜಿನ ಮುಂದೆ ನಿಂತು ಗೊಳೋ ಅಂತ ಅತ್ತಳು."

"ಅಳ್ತಾ ಏನಂದಳು?"

"'ಇದು ನನ್ನತ್ತೆ ಕುನ್ಸುಲುದು, ಕುನ್ಸುಲು ನೆನಪಿಗೆ ಜೋಪಾನವಾಗಿ ಇಟ್ಕೊ' ಅಂದಳು. ನನ್ನ ಕಿವೀಲಿ ಇನ್ನೂ ಗುಂಯ್‌ಗುಡ್ತಿದೆ!"

ಮೊದಲು ಕಿಸಕ್ಕನೆ ನಕ್ಕವಳು ಇಂಕಾರ್. "ಅಯ್ಯೋ ಅಣ್ಣಾ! ಸೊಸೆ, ಅತ್ತೆ ಹೆಸರನ್ನ, ಎರಡೆರಡು ಸಲ, ಸಂತೆ ನಡುವೆ?"

ಸೆರಿಕ್ಬಾಯ್ ಒಬ್ಬೊಬ್ಬರ ಮುಖವನ್ನೂ ನೋಡಿದ. ಅವನ ಮನೆಯಲ್ಲೂ ಸೊಸೆಯರಿದ್ದರು. ಭೂತಗನ್ನಡಿ ಜೇಬು ಸೇರಿತು, ಕಂಕುಳಲ್ಲಿದ್ದದ್ದು ಮೇಜಿನ ಮೇಲೆ ಬಿತ್ತು. ಅವನು ಹಿಂದಿರುಗಿ ನೋಡದೆ ಹೊರಟುಹೋದ.

ರಶಿತ್ ಕೆಂಡವಾದ. "ಬಾಯಿಗೆ ಬಂದ ತುತ್ತು ಕಿತ್ಕೊಂಡ್ರಲ್ಲಾ! ಯಾರ್ರೀ ನೀವು?"

"ದೊಂಬ್ರಾ ಕೊಳ್ಳೋಕೆ ಬಂದವಳು."

"ಕೊಳ್ಳೋಕೆ?" ಅವನು ಹಳೆಯದನ್ನೆತ್ತಿ ಅವಳ ಮುಖದ ಮುಂದೆ ಆಡಿಸಿದ. "ಹಾಗಿದ್ರೆ ಇದನ್ನ ಕೊಳ್ಳಿ! ಇದ್ರ ಮೇಲೆ ಸಹಿಯೇ ಇಲ್ಲ. ಇದನ್ನ ನಕಲಿ ಅನ್ನಿ ನೋಡೋಣ!"

ಬಗೀಲಾ ಅನ್ನಲಿಲ್ಲ. ಕೈಗೆ ಬಂದಷ್ಟು ನೋಟು ಮೇಜಿನ ಮೇಲಿಟ್ಟಳು, ಹಸುಗೂಸಿನ ಹಾಗೆ ಅದನ್ನು ಶಾಲಿನಲ್ಲಿ ಸುತ್ತಿಕೊಂಡಳು. ಸಂತೆಯ ಗೇಟು ದಾಟುವವರೆಗೂ ಮೆಲ್ಲಗೆ ನಡೆದಳು. ಆಮೇಲೆ ಓಡಿದಳು.

ಅತ್ತೆ ಗೋಡೆ ನೋಡುತ್ತಲೇ ಇದ್ದಳು. ಬಗೀಲಾ ಶಾಲು ಬಿಚ್ಚಿ ದೊಂಬ್ರಾವನ್ನು ಅವಳ ಮಗ್ಗುಲಲ್ಲಿಟ್ಟಳು. ಒಣಗಿದ ಬೆರಳುಗಳು ಹಲಗೆಯ ಮೇಲೆ ತಡಕಾಡಿದವು. ಉಗುರು ಸವೆಸಿದ್ದ ತಗ್ಗು ಸಿಕ್ಕಿತು. ಅಲ್ಲೇ ನಿಂತವು.

"ಸಹಿ ಇದೆ ಅಂತಿದ್ರಲ್ಲೇ?"

"ಇದ್ರ ಮೇಲೆ ಇಲ್ಲ ಅತ್ತೆ."

"ಮತ್ತೆ? ನನ್ನ ದೊಂಬ್ರಾದ ಮೇಲೆ ನಾನ್ಯಾಕೆ ಸಹಿ ಹಾಕ್ಲಿ?" ಎಂದು ಇತ್ತ ಹೊರಳಿದಳು ಕುನ್ಸುಲು.