ಕ್ಯಾಮೆರಾಗೂ ಒಂದು ಬೊಟ್ಟು

ಕೆಂಗೇರಿ ಅಂಗಡಿಯ ಚಿತ್ರ ಇದ್ದಕ್ಕಿದ್ದಂತೆ ಕೆಂಪಗಾಗಿ, ಹಾಗೇ ಕಪ್ಪಾಗಿಬಿಟ್ಟಿತು. ವಿಜಯನಗರದ ತನ್ನ ಪಾತ್ರೆ ಅಂಗಡಿಯಲ್ಲಿ ಕೂತು, ಇನ್ನೆರಡು ಅಂಗಡಿಗಳನ್ನು ಕಂಪ್ಯೂಟರಿನಲ್ಲಿ ಕಾಯುತ್ತಿದ್ದ ಮರಿಹೊನ್ನಯ್ಯ ಗಾಬರಿಯಿಂದ ಪರದೆಯತ್ತ ಬಾಗಿದ. ಕೆಲಸದವರನ್ನು ನಂಬಲಾರದೆ ಹೋದ ವಾರವಷ್ಟೇ ಹಾಕಿಸಿದ ಕ್ಯಾಮೆರಾ. ಅದರ ಪಾಸ್‌ವರ್ಡನ್ನು ಹೆಂಡತಿಗೂ ಹೇಳಿರಲಿಲ್ಲ. ಯಾರೋ ಬೇಕಂತಲೇ ಮುಚ್ಚಿದ್ದಾರೆ! ತಕ್ಷಣ ಫೋನ್ ಮಾಡಿದ.

“ಯಾರಮ್ಮ ಕ್ಯಾಮೆರಾ ಮುಚ್ಚಿದ್ದು? ನಿಜ ಹೇಳ್ಬಿಡು!”

“ನಾನ ರೀ, ಮಾಲಕ್ರ,” ಎಂದಳು ಆ ಅಂಗಡಿ ನೋಡಿಕೊಳ್ಳುವ ಭಾಗವ್ವ, ಹಿಗ್ಗಿನಿಂದ. “ಇವತ್ತ ಆಯುಧ ಪೂಜಿ ಅಲ್ಲೇನ್ರಿ? ತಕ್ಕಡಿಗೆ ಇಟ್ಟೆ, ಶಟರಿಗೆ ಇಟ್ಟೆ. ನೀವು ಅದರಾಗ ಕುಂತು ನಮ್ಮನ್ನ ನೋಡ್ತೀರಲ್ರೀ, ನಿಮ್ಮನ್ನ ಬಿಟ್ಟು ಹೆಂಗ ಪೂಜಿ ಮಾಡ್ಲಿ? ಅದಕ್ಕ ಕುಂಕುಮ ಕಲಸಿ ದೊಡ್ಡದಾಗೇ ಹಚ್ಚೀನ್ರಿ.”

ಮರಿಹೊನ್ನಯ್ಯನ ಬಾಯಿಗೆ ಬಂದಿದ್ದ ಬೈಗುಳ ನಗುವಾಗಿ ಹೊರಬಿತ್ತು. ಆ ನಗು ನಿಲ್ಲುವ ಮೊದಲೇ, ಹೇರೋಹಳ್ಳಿ ಅಂಗಡಿಯ ಅಮೀನಪ್ಪ ಕುಂಕುಮದ ಬಟ್ಟಲು ಹಿಡಿದು ಸ್ಟೂಲು ಹತ್ತುವುದು ಕಂಡಿತು. ಅವನ ಕೆಂಪು ಬೆರಳು ದೊಡ್ಡದಾಗುತ್ತ, ದೊಡ್ಡದಾಗುತ್ತ ಪರದೆಯ ಹತ್ತಿರ ಬಂತು.

ಈ ಸಲ ಮರಿಹೊನ್ನಯ್ಯ ಗಾಬರಿಯಾಗಲಿಲ್ಲ. ಕನ್ನಡಕ ತೆಗೆದಿಟ್ಟು, ಕಣ್ಣು ಮುಚ್ಚಿ, ಪರದೆಗೆ ಹಣೆಯೊಡ್ಡಿದ.